ಹಳೆಯ ಟಿ.ವಿ.ಗೆ ಸ್ಟ್ರೀಮಿಂಗ್ ಸಾಧನ

ಅಂತರ್ಜಾಲದಿಂದ ಬರುವ ಸಿನಿಮಾ, ಧಾರಾವಾಹಿ, ಸುದ್ದಿಗಳನ್ನು ಟಿ.ವಿ. ಪರದೆಗೆ ತಲುಪಿಸುವ ಪುಟ್ಟ ಕಂಪ್ಯೂಟರಿಗೆ ಸ್ಟ್ರೀಮಿಂಗ್ ಸಾಧನವೆಂದು ಹೆಸರು. ಉದ್ದನೆಯ ತುಂಡಿನಂತಿದ್ದರೆ ಅಂಗಡಿಯವರು ಸ್ಟಿಕ್ ಎನ್ನುತ್ತಾರೆ, ಚಪ್ಪಟೆಯಾಗಿದ್ದರೆ ಬಾಕ್ಸ್. ಎರಡರ ಕೆಲಸವೂ ಒಂದೇ: ವೈ-ಫೈ ಹಿಡಿಯುವುದು, ಒತ್ತಿಟ್ಟ ದೃಶ್ಯವನ್ನು ಬಿಡಿಸುವುದು, ಅದನ್ನು ಎಚ್‌ಡಿಎಂಐ ಕಿಂಡಿಯ ಮೂಲಕ ಹೊರಗೆ ಕೊಡುವುದು. ಸ್ವಂತವಾಗಿ ಅಂತರ್ಜಾಲ ಗೊತ್ತಿಲ್ಲದ ಟಿ.ವಿ.ಗೆ ಇದನ್ನು ಸಿಕ್ಕಿಸಿ ಬಳಸುವ ರೂಢಿ ಭಾರತದ ನಗರಗಳಲ್ಲಿ 2014ರ ನಂತರ ಹರಡಿತು. ಗೂಗಲ್‌ನ ಕ್ರೋಮ್‌ಕಾಸ್ಟ್ ಆ ವರ್ಷದ ಡಿಸೆಂಬರಿನಲ್ಲಿ ಇಲ್ಲಿ ಮಾರಾಟಕ್ಕೆ ಬಂತು, ಅಮೆಜಾನ್‌ನ ಫೈರ್ ಟಿ.ವಿ. ಸ್ಟಿಕ್ 2017ರ ಏಪ್ರಿಲಿನಲ್ಲಿ. ಹಳೆಯ ಟಿ.ವಿ. ಎಂದಾಗ ಜನ ಅದರ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಆದರೆ ಸ್ಟ್ರೀಮಿಂಗ್ ಮಟ್ಟಿಗೆ ವಯಸ್ಸಿಗಿಂತ ಅದರ ಬೆನ್ನಿನಲ್ಲಿ ಯಾವ ಕಿಂಡಿಗಳಿವೆ ಎಂಬುದು ಮುಖ್ಯ. ಅದಕ್ಕಿಂತ ದೊಡ್ಡ ಮಾತೂ ಒಂದಿದೆ. ಪರದೆ ಒಂದು ಕಡೆ, ಅದಕ್ಕೆ ಚಿತ್ರ ಒದಗಿಸುವ ಪೆಟ್ಟಿಗೆ ಇನ್ನೊಂದು ಕಡೆ ಇರುವ ಏರ್ಪಾಟು ಬಡವರ ತಾತ್ಕಾಲಿಕ ಉಪಾಯವಲ್ಲ. ಭಾರತದಲ್ಲಿ ಟಿ.ವಿ. ಬೆಳೆದುಬಂದದ್ದೇ ಹಾಗೆ, ಮತ್ತು ಖರ್ಚು, ಬಾಳಿಕೆ ಎರಡರ ದೃಷ್ಟಿಯಿಂದಲೂ ಆ ಏರ್ಪಾಟೇ ಹೆಚ್ಚು ವಿವೇಕದ್ದು.

ಈ ಮಾತಿಗೆ ಮೊದಲ ಸಾಕ್ಷಿ ಸಿಗುವುದು ಗುಜರಾತ್ ಮತ್ತು ಕರ್ನಾಟಕ ಎರಡನ್ನೂ ಮುಟ್ಟುವ ಒಂದು ಪ್ರಯೋಗದಲ್ಲಿ. ವಿಕ್ರಮ್ ಸಾರಾಭಾಯಿ ಅವರ ಕನಸಿನಿಂದ ಹುಟ್ಟಿ, 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಶಿಕ್ಷಣ ಟಿ.ವಿ. ಪ್ರಯೋಗವನ್ನು ಸೈಟ್ ಎಂದು ಕರೆಯುತ್ತಾರೆ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರ ವ್ಯಾಪ್ತಿಯಲ್ಲಿದ್ದವು. ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಸೇರಿದ್ದವು. ಉಪಕರಣಗಳನ್ನು ರೂಪಿಸಿದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ, ಟಿ.ವಿ. ಸೆಟ್ಟುಗಳು ಹೈದರಾಬಾದಿನ ಇಸಿಐಎಲ್‌ನವು. ಹಳ್ಳಿಯ ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡದ ಬಳಿ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ, 3 ಮೀಟರ್ ಅಗಲದ ಆಂಟೆನಾ ನಿಲ್ಲುತ್ತಿತ್ತು. ಎಟಿಎಸ್-6 ಉಪಗ್ರಹದಿಂದ 860 ಮೆಗಾಹರ್ಟ್ಸ್‌ನಲ್ಲಿ ಬರುವ ಸಂಕೇತವನ್ನು ಟಿ.ವಿ.ಗೆ ಅರ್ಥವಾಗುವಂತೆ ಬದಲಿಸಿಕೊಡಲು ಆಂಟೆನಾ ಮತ್ತು ಸೆಟ್ಟಿನ ನಡುವೆ ಒಂದು ಕನ್ವರ್ಟರ್ ಇತ್ತು. ಒಂದೇ ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ವ್ಯವಸ್ಥೆಯೂ ಇದ್ದದ್ದರಿಂದ ಒಂದೇ ದೃಶ್ಯ ಎರಡು ಭಾಷೆಗಳಲ್ಲಿ ಕೇಳಿಸಬಹುದಿತ್ತು. ಇಂದಿನ ಆ್ಯಪ್‌ಗಳಲ್ಲಿ ಭಾಷೆ ಬದಲಿಸುವ ಗುಂಡಿಯನ್ನು ಹೊಸತೆಂದು ಮೆಚ್ಚುವವರು ಇದನ್ನು ನೆನೆಯಬೇಕು. ಅಹಮದಾಬಾದ್ ಮತ್ತು ವಡೋದರಾಗಳ ನಡುವಿನ ಖೇಡಾ ಜಿಲ್ಲೆಯ ಪೀಜ್‌ನಲ್ಲಿ ನಿಂತ ಪ್ರಸಾರ ಗೋಪುರ ಇದೇ ಪ್ರಯತ್ನದ ಇನ್ನೊಂದು ಕೊಂಬೆ. ಗಮನಿಸಬೇಕಾದದ್ದು ಇಷ್ಟು: ಉಪಗ್ರಹ ಹೊಸದಾದಾಗ ಟಿ.ವಿ. ಸೆಟ್ಟನ್ನು ಬುಡದಿಂದ ಬದಲಿಸಲಿಲ್ಲ, ಅದರ ಪಕ್ಕಕ್ಕೆ ಒಂದು ಪೆಟ್ಟಿಗೆ ಸೇರಿಸಿದರು.

ಆಮೇಲಿನ ನಾಲ್ಕು ದಶಕಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ನಡೆಯಿತು. ಎಂಬತ್ತರ ದಶಕದಲ್ಲಿ ವಿಸಿಆರ್ ಬಂತು, ತೊಂಬತ್ತರಲ್ಲಿ ಕೇಬಲ್, ಆಮೇಲೆ ಡಿವಿಡಿ. 2003ರಿಂದ ಡಿಟಿಎಚ್ ತಟ್ಟೆಗಳು ಮಾಳಿಗೆ ಏರಿದವು. ಎಲ್ಲಕ್ಕೂ ದೊಡ್ಡ ತಿರುವು ಕೇಬಲ್ ಡಿಜಿಟಲ್ ಆದದ್ದು. 2011ರ ತಿದ್ದುಪಡಿ ಕಾಯ್ದೆಯ ಪ್ರಕಾರ ಎರಡನೇ ಹಂತದಲ್ಲಿ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ಹಾಕಿದರು. ಅಹಮದಾಬಾದ್, ವಡೋದರಾ, ಸೂರತ್, ರಾಜಕೋಟ್ ಆ ಪಟ್ಟಿಯಲ್ಲಿದ್ದವು. ನಮ್ಮ ಬೆಂಗಳೂರು, ಮೈಸೂರುಗಳೂ ಇದ್ದವು. ಅಂದಿನ ಮನೆಗಳಲ್ಲಿ ಇದ್ದ ಟಿ.ವಿ.ಗಳಲ್ಲಿ ಬಹುಪಾಲು ಡಬ್ಬಾ ಟಿ.ವಿ.ಗಳೇ, ಅಂದರೆ ಪಿಕ್ಚರ್ ಟ್ಯೂಬಿನವು. ಸರ್ಕಾರ ಅವನ್ನು ಎಸೆಯಿರಿ ಎನ್ನಲಿಲ್ಲ. ಸೆಟ್ ಟಾಪ್ ಬಾಕ್ಸ್ ಇಟ್ಟುಕೊಳ್ಳಿ ಎಂದಿತು, ಕೇಬಲ್‌ನವರು ಬಾಕ್ಸಿನೊಡನೆ ಹಳದಿ, ಬಿಳಿ, ಕೆಂಪು ಪಿನ್ನುಗಳ ಎವಿ ವೈರನ್ನೂ ಕೊಟ್ಟರು. ಹಳೆಯ ಟಿ.ವಿ. ಬೆನ್ನಿಗೆ ಹೊರಗಿನ ಕಂಪ್ಯೂಟರ್ ಜೋಡಿಸುವುದು ಅಸಾಧ್ಯ ಎನ್ನುವವರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ: ಕಾನೂನಿನ ಬಲದಿಂದ ಇಡೀ ನಗರಗಳು ಅದನ್ನು ಮಾಡಿ ಮುಗಿಸಿವೆ.

ವಡೋದರಾ ರೈಲು ನಿಲ್ದಾಣದ ಪಶ್ಚಿಮಕ್ಕೆ, ಆರ್.ಸಿ. ದತ್ ರಸ್ತೆಯ ಆಸುಪಾಸು ಹರಡಿರುವ ಅಲ್ಕಾಪುರಿ ಈ ಬದಲಾವಣೆಯನ್ನು ಅರಿಯಲು ಒಳ್ಳೆಯ ಬಡಾವಣೆ. ಹಳೆಯ ಬಂಗಲೆಗಳು, ಅಪಾರ್ಟ್‌ಮೆಂಟುಗಳು, ಕಚೇರಿ, ಹೋಟೆಲುಗಳು ಒತ್ತೊತ್ತಾಗಿರುವ ಅನುಕೂಲಸ್ಥರ ಜಾಗವದು. ದೊಡ್ಡ ಸ್ಮಾರ್ಟ್ ಟಿ.ವಿ. ಕೊಳ್ಳಲು ಆಗದವರ ಕೇರಿಯಲ್ಲ. ಅಂಥ ಕಡೆಯೂ ನಡುಮನೆಗೆ ಹೊಸ ಟಿ.ವಿ. ಬಂದಾಗ ಹಳೆಯದು ಹಿರಿಯರ ಕೋಣೆಗೋ ಅಡುಗೆಮನೆಗೋ ಹೋಗುತ್ತದೆ, ಸ್ಟಿಕ್ ಬೇಕಾಗುವುದು ಆಗಲೇ. ಕನ್ನಡಿಗರ ಮಟ್ಟಿಗೆ ಇನ್ನೂ ಒಂದು ಕಾರಣ ಸೇರುತ್ತದೆ. 1965ರಲ್ಲಿ ಕೋಯಲಿಯ ತೈಲ ಶುದ್ಧೀಕರಣ ಘಟಕ, 1969ರಲ್ಲಿ ಐಪಿಸಿಎಲ್ ಬಂದ ಮೇಲೆ ವಡೋದರಾಕ್ಕೆ ದೇಶದ ಎಲ್ಲ ಮೂಲೆಗಳಿಂದ ಎಂಜಿನಿಯರುಗಳು ಬಂದರು. ಹೋಟೆಲು ಉದ್ಯಮ ಹಿಡಿದು ಕರಾವಳಿಯವರು ಗುಜರಾತಿನ ಊರುಗಳಿಗೆ ಬಂದಿದ್ದಾರೆ. ಅಲ್ಲಿನ ಕೇಬಲ್ ಪಟ್ಟಿ ಗುಜರಾತಿ, ಹಿಂದಿಗಳಿಂದ ತುಂಬಿರುವುದು ಸಹಜ, ಕನ್ನಡದ ವಾಹಿನಿ ಕೇಳಿ ಹಾಕಿಸಿಕೊಳ್ಳಬೇಕಾದ ವಸ್ತು. ಡಿಟಿಎಚ್ ಆ ಕೊರತೆಯನ್ನು ಭಾಗಶಃ ನೀಗಿಸಿತು, ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಸಿಕ್ಕಿತು. 2017ರ ಸನ್ ನೆಕ್ಸ್ಟ್, 2018ರ ಝೀ5 ಮೊದಲಾದವು ಬಂದ ಮೇಲೆ ಊರು ಯಾವುದು ಎಂಬ ಪ್ರಶ್ನೆಯೇ ಹೋಯಿತು. ಮಣಿಪಾಲದಲ್ಲಿ ಕುಳಿತವರಿಗೂ ವಡೋದರಾದ ಮಾಂಜಲಪುರದಲ್ಲಿ ಕುಳಿತವರಿಗೂ ಸಿಗುವ ಧಾರಾವಾಹಿ ಒಂದೇ. ಪರಊರಿನ ಅಜ್ಜಿಗೆ ಬೇಕಾದದ್ದು ದೊಡ್ಡ ಪರದೆಯಲ್ಲ, ತನ್ನ ಭಾಷೆ. ಅದನ್ನು ತರುವ ಶಕ್ತಿ ಪರದೆಗಿಂತ ಪೆಟ್ಟಿಗೆಗೇ ಇದೆ.

ಇನ್ನು ಜೋಡಣೆ. ಎಚ್‌ಡಿಎಂಐ ಮಾನದಂಡ ಹೊರಬಂದದ್ದು 2002ರ ಕೊನೆಗೆ. ಚಪ್ಪಟೆ ಟಿ.ವಿ.ಗಳು ಇಲ್ಲಿ ಸಾಮಾನ್ಯವಾದ ಹೊತ್ತಿಗೆ ಆ ಕಿಂಡಿಯೂ ಸಾಮಾನ್ಯವಾಗಿತ್ತು. ಆದ್ದರಿಂದ ಹದಿನೈದು ವರ್ಷದ ಎಲ್‌ಸಿಡಿ ಟಿ.ವಿ.ಗೆ ಇಂದಿನ ಸ್ಟಿಕ್ ಸಾಮಾನ್ಯವಾಗಿ ನೇರವಾಗಿಯೇ ಕೂರುತ್ತದೆ. ಅಲ್ಲಿ ಕಾಡುವ ತೊಂದರೆ ಚಿತ್ರದ್ದಲ್ಲ, ಕರೆಂಟಿನದು. ಎಚ್‌ಡಿಎಂಐ ವೈರಿನಲ್ಲಿ ಖಚಿತವಾಗಿ ಇರಬೇಕಾದದ್ದು 5 ವೋಲ್ಟಿನಲ್ಲಿ ಬರೀ 55 ಮಿಲಿಆಂಪಿಯರ್, ಅದನ್ನೂ ಕೊಡಬೇಕಾದದ್ದು ಚಿತ್ರ ಕಳಿಸುವ ಸಾಧನವೇ, ಟಿ.ವಿ.ಯಲ್ಲ. ಅದರಿಂದ ಸ್ಟಿಕ್ ಓಡುವುದಿಲ್ಲ. ಟಿ.ವಿ.ಯಲ್ಲೇ ಇರುವ ಹಳೆಯ ಯುಎಸ್‌ಬಿ ಕಿಂಡಿಯ ಮಿತಿ 500 ಮಿಲಿಆಂಪಿಯರ್, ಎಂದರೆ ಎರಡೂವರೆ ವಾಟ್. ಸ್ಟಿಕ್ಕಿನ ಜೊತೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 1 ಆಂಪಿಯರಿನದು, ಐದು ವಾಟ್. ಒಂದು ವೈರ್ ಉಳಿಯಲಿ ಎಂದು ಟಿ.ವಿ.ಯ ಯುಎಸ್‌ಬಿಗೆ ಸಿಕ್ಕಿಸಿದರೆ ಮೊದಲ ಪುಟ ಬರುತ್ತದೆ, ಚಿತ್ರ ಶುರುವಾಗಿ ಕೆಲಸ ಹೆಚ್ಚಿದೊಡನೆ ಸ್ಟಿಕ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಸ್ಟಿಕ್ ಹಾಳಾಗಿದೆ ಎಂದು ವಾಪಸು ಕಳಿಸುವ ಮುನ್ನ ಅದರ ಸ್ವಂತ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿ ನೋಡುವುದು ಮೊದಲ ಪರೀಕ್ಷೆ. ಎರಡನೆಯದು, ಸ್ಟಿಕ್ಕಿನ ಪೊಟ್ಟಣದಲ್ಲೇ ಬರುವ ಗೇಣುದ್ದದ ಎಕ್ಸ್‌ಟೆನ್ಷನ್ ವೈರ್. ಟಿ.ವಿ.ಯ ಲೋಹದ ಹಾಳೆ ಮತ್ತು ಗೋಡೆಯ ನಡುವೆ ಸಿಕ್ಕಿಬಿದ್ದ ಸ್ಟಿಕ್ಕಿಗೆ ವೈ-ಫೈ ಸೊರಗುತ್ತದೆ. ಆ ವೈರಿನಿಂದ ಅದನ್ನು ಬದಿಗೆ ಎಳೆದು ತಂದರೆ ನಡುನಡುವೆ ಸುತ್ತುವ ಚಕ್ರ ಬಹುಮಟ್ಟಿಗೆ ನಿಲ್ಲುತ್ತದೆ.

ಡಬ್ಬಾ ಟಿ.ವಿ.ಯ ದಾರಿ ಬೇರೆ. ಅದರ ಬೆನ್ನಿನಲ್ಲೋ ಮುಂಭಾಗದ ಮುಚ್ಚಳದ ಒಳಗೋ ಎವಿ ಕಿಂಡಿಗಳಿರುತ್ತವೆ: ಹಳದಿ ಚಿತ್ರಕ್ಕೆ, ಬಿಳಿ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ಸ್ಟಿಕ್ ಕೊಡುವುದು ಡಿಜಿಟಲ್, ಈ ಕಿಂಡಿಗಳು ಕೇಳುವುದು ಅನಲಾಗ್. ನಡುವೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕನ್ವರ್ಟರ್ ಬೇಕು, ಅದಕ್ಕೂ ಪ್ರತ್ಯೇಕ ಕರೆಂಟು ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆ, ಅಹಮದಾಬಾದಿನ ರಿಲೀಫ್ ರೋಡ್ ಮೊದಲಾದ ಕಡೆ ಕೆಲವು ನೂರು ರೂಪಾಯಿಗೆ ಇದು ಸಿಗುತ್ತದೆ, ಆದರೆ ಕೊಳ್ಳುವಾಗ ಎಡವುವುದು ಸುಲಭ. ನೋಡಲು ಒಂದೇ ಥರದ ಎರಡು ಪೆಟ್ಟಿಗೆಗಳಿವೆ: ಒಂದು ಎಚ್‌ಡಿಎಂಐ ಒಳಗೆ ತೆಗೆದುಕೊಂಡು ಎವಿ ಹೊರಗೆ ಕೊಡುತ್ತದೆ, ಇನ್ನೊಂದು ಅದರ ತಿರುಗುಮುರುಗು. ಬಾಣದ ಗುರುತು ಎವಿ ಕಡೆಗೆ ತಿರುಗಿರುವುದೇ ಬೇಕಾದದ್ದು. ಪೆಟ್ಟಿಗೆಯ ಬದಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಬರೆದ ಪುಟಾಣಿ ಗುಂಡಿ ಇರುತ್ತದೆ. ಭಾರತದ ಸೆಟ್ಟುಗಳು ಪಾಲ್ ಪದ್ಧತಿಯವು, ಗುಂಡಿ ಅತ್ತ ಇರಬೇಕು. ಬಣ್ಣವಿಲ್ಲದೆ ಕಪ್ಪುಬಿಳುಪಾಗಿ ಅಥವಾ ಉರುಳುತ್ತ ಚಿತ್ರ ಬಂದರೆ ಮೊದಲು ನೋಡಬೇಕಾದ ಜಾಗ ಅದು. ಮೆನು ಕಾಣುತ್ತದೆ, ಸಿನಿಮಾ ಹಾಕಿದರೆ ಮಾತ್ರ ಪರದೆ ಕಪ್ಪು ಎಂದಾದರೆ ತಪ್ಪು ವೈರಿನದಲ್ಲ: ನಕಲು ತಡೆಯುವ ಎಚ್‌ಡಿಸಿಪಿ ಬೀಗಕ್ಕೆ ಆ ಕನ್ವರ್ಟರ್ ಸರಿಯಾದ ಉತ್ತರ ಕೊಡುತ್ತಿಲ್ಲ, ಬೇರೆ ಕನ್ವರ್ಟರ್ ತರಬೇಕು. ಎವಿ ಕಿಂಡಿಯೂ ಇಲ್ಲದೆ ಆಂಟೆನಾ ಕಿಂಡಿ ಮಾತ್ರ ಉಳ್ಳ ತೀರಾ ಹಳೆಯ ಸೆಟ್ಟಿಗೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಇನ್ನೊಂದು ಕೊಂಡಿ ಬೇಕು. ಅಷ್ಟು ದೂರ ಹೋಗುವುದು ಹವ್ಯಾಸಿಗಳಿಗೆ ಬಿಟ್ಟದ್ದು.

ಇಷ್ಟೆಲ್ಲ ಮಾಡಿ ಕಾಣುವುದೇನು ಎಂಬ ಆಕ್ಷೇಪಕ್ಕೆ ಅಂಕಿಗಳಲ್ಲೇ ಉತ್ತರವಿದೆ. ಪಾಲ್ ಪದ್ಧತಿಯ ಚಿತ್ರದಲ್ಲಿ 625 ಸಾಲುಗಳು, ಅದರಲ್ಲಿ ಕಣ್ಣಿಗೆ ಕಾಣುವ ಚಿತ್ರ 576 ಸಾಲು. ಡಬ್ಬಾ ಟಿ.ವಿ.ಯ ಪರದೆ 4:3 ಅಳತೆಯದು, ಇಂದಿನ ಕಾರ್ಯಕ್ರಮಗಳು 16:9. ಅಗಲವನ್ನು ಪೂರ್ತಿ ತೋರಿಸಬೇಕಾದರೆ ಎತ್ತರದ ಕಾಲುಭಾಗ ಮೇಲೆ ಕೆಳಗೆ ಕಪ್ಪು ಪಟ್ಟಿಯಾಗಿ ಹೋಗುತ್ತದೆ, ಚಿತ್ರಕ್ಕೆ ಉಳಿಯುವುದು 432 ಸಾಲು. ಇದು ಕೊರತೆಯೇ, ಮುಚ್ಚಿಡಬೇಕಾಗಿಲ್ಲ. ಕ್ರಿಕೆಟ್ಟಿನ ಸ್ಕೋರ್‌ಪಟ್ಟಿಯ ಅಕ್ಷರಗಳು ಕಲಸುತ್ತವೆ, ಆ್ಯಪ್ ಮೆನುವಿನ ಸಣ್ಣ ಅಕ್ಷರಗಳು ನಡುಗುತ್ತವೆ, ಅಂಚುಗಳು ಪರದೆಯ ಚೌಕಟ್ಟಿನಾಚೆ ಸರಿದು ಕತ್ತರಿಸಿದಂತಾಗುತ್ತವೆ. ಕೊನೆಯದಕ್ಕೆ ಮಾತ್ರ ಮದ್ದುಂಟು: ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಚಿತ್ರವನ್ನು ಒಳಕ್ಕೆ ಕುಗ್ಗಿಸಬಹುದು. ಆದರೆ ಅದೇ ಅಂಕಿ ಇನ್ನೊಂದು ಕಡೆಯಿಂದ ಲಾಭವೂ ಹೌದು. 432 ಸಾಲಿನ ಪರದೆಗೆ 480 ಸಾಲಿನ ಸ್ಟ್ರೀಮ್ ಧಾರಾಳ ಸಾಕು. ನೆಟ್‌ಫ್ಲಿಕ್ಸ್ ತಾನೇ ಕೊಡುವ ಲೆಕ್ಕದಲ್ಲಿ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟಿನಿಂದ ನೋಡುವವರಿಗೆ ಈ ಅಂತರ ಸಣ್ಣದಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸ್ಟಿಕ್ಕಿಗೆ ಕಾಣುವುದು ಕನ್ವರ್ಟರ್ ಮಾತ್ರ, ಅದರಾಚೆಗಿನ ಡಬ್ಬಾ ಟಿ.ವಿ. ಕಾಣುವುದಿಲ್ಲ, ಎದುರಿಗಿರುವುದು ಎಚ್‌ಡಿ ಪರದೆಯೆಂದೇ ನಂಬಿ ದುಬಾರಿ ಸ್ಟ್ರೀಮ್ ತರಿಸಿಕೊಳ್ಳುತ್ತದೆ, ಕನ್ವರ್ಟರ್ ಅದನ್ನೆಲ್ಲ ಕುಗ್ಗಿಸಿ ಬಿಸಾಡುತ್ತದೆ. ಆದ್ದರಿಂದ ಆ್ಯಪ್ ಒಳಗೆ ಹೋಗಿ ಗುಣಮಟ್ಟವನ್ನು ಕೈಯಾರೆ ಇಳಿಸಬೇಕು. ಡೇಟಾ ಉಳಿತಾಯದ ಆ ಸಾಲನ್ನು ತೆರೆದೇ ನೋಡದವರು ಬಹಳ.

ಹೊಸ ಸ್ಮಾರ್ಟ್ ಟಿ.ವಿ. ಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ ಎಂಬುದು ಮುಖ್ಯ ಎದುರುವಾದ. ಮೊದಲ ಕೆಲವು ವರ್ಷಗಳಿಗೆ ಅದು ನಿಜ. ಸ್ಮಾರ್ಟ್ ಟಿ.ವಿ.ಯಲ್ಲಿ ಪರದೆ ಮತ್ತು ಕಂಪ್ಯೂಟರ್ ಒಂದೇ ಮೈಯಲ್ಲಿ ಬೆಸೆದುಕೊಂಡಿರುತ್ತವೆ, ಎರಡರ ಆಯುಸ್ಸು ಮಾತ್ರ ಒಂದೇ ಅಲ್ಲ. 2015ರ ಏಪ್ರಿಲಿನಲ್ಲಿ ಯೂಟ್ಯೂಬ್ ತನ್ನ ಹಳೆಯ ಸಂಪರ್ಕ ವ್ಯವಸ್ಥೆಯನ್ನು ನಿಲ್ಲಿಸಿದಾಗ 2012ರ ಮತ್ತು ಅದಕ್ಕೂ ಹಿಂದಿನ ಹಲವು ಸ್ಮಾರ್ಟ್ ಟಿ.ವಿ.ಗಳ ಯೂಟ್ಯೂಬ್ ಆ್ಯಪ್ ಕೆಲಸ ಬಿಟ್ಟಿತು. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಮಾದರಿಗಳನ್ನು ಕೈಬಿಟ್ಟಿತು. ಆ ಸೆಟ್ಟುಗಳ ಪರದೆಗೆ ಏನೂ ಆಗಿರಲಿಲ್ಲ. ಚಿತ್ರ, ಧ್ವನಿ, ಎಚ್‌ಡಿಎಂಐ ಎಲ್ಲ ಸರಿಯಿದ್ದವು. ಅವುಗಳ ಒಡೆಯರು ಮಾಡಿದ್ದೂ ಅಂಥದೇ ಹೊರಗಿನ ಸ್ಟಿಕ್ ಸಿಕ್ಕಿಸುವ ಕೆಲಸವೇ. ಸ್ಮಾರ್ಟ್ ಟಿ.ವಿ. ಹಳೆಯದಾದಾಗ ಆಗುವುದು ಮತ್ತೆ ಬರೀ ಪರದೆ. ಹಾಗಿರುವಾಗ ಹತ್ತು ಹದಿನೈದು ವರ್ಷ ಬಾಳುವ ಪರದೆಯ ಭವಿಷ್ಯವನ್ನು ಐದಾರು ವರ್ಷಕ್ಕೆ ಸುಸ್ತಾಗುವ ಚಿಪ್ಪಿಗೆ ಕಟ್ಟುವುದು ಕೊಳ್ಳುವವನ ಹಿತವಂತೂ ಅಲ್ಲ.

ಸ್ಟಿಕ್ ಕೂಡ ಸಾಯುವುದಿಲ್ಲವೇ ಎಂದು ಕೇಳಬಹುದು. ಸಾಯುತ್ತದೆ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ. 2025ರ ಮಾರ್ಚ್ 9ರ ಸುಮಾರಿಗೆ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಲೋಕದೆಲ್ಲೆಡೆ ಒಟ್ಟಿಗೆ ಕೈಕೊಟ್ಟವು. ಸಾಧನ ಅಸಲಿಯೆಂದು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದದ್ದು ಕಾರಣ. ಕೆಲವು ದಿನಗಳಲ್ಲಿ ಗೂಗಲ್ ದುರಸ್ತಿ ಕಳಿಸಿತಾದರೂ, ನಡುವೆ ಸಾಧನವನ್ನು ಪೂರ್ತಿ ರೀಸೆಟ್ ಮಾಡಿದವರಿಗೆ ಅದನ್ನು ಮತ್ತೆ ಹೊಂದಿಸಿಕೊಳ್ಳುವುದೇ ಕಷ್ಟವಾಯಿತು. ಈ ಘಟನೆ ಹೊರಪೆಟ್ಟಿಗೆಯ ವಿರುದ್ಧದ ಸಾಕ್ಷಿಯೆಂದು ಕಾಣುತ್ತದೆ, ಸರಿಯಾಗಿ ತೂಗಿದರೆ ಪರವಾಗಿಯೇ ನಿಲ್ಲುತ್ತದೆ. ಅಂದು ಹಾಳಾದದ್ದು ಮೂರು ನಾಲ್ಕು ಸಾವಿರ ರೂಪಾಯಿಯ, ಜೇಬಿಗೆ ಹಿಡಿಯುವ ವಸ್ತು. ಅದೇ ಪ್ರಮಾಣಪತ್ರ ಟಿ.ವಿ.ಯ ಹೊಟ್ಟೆಯೊಳಗಿದ್ದಿದ್ದರೆ ಹೊತ್ತುಕೊಂಡು ಹೋಗಬೇಕಾದ ಭಾರವೇ ಬೇರೆ. ಸ್ಟಿಕ್ ಕೊಳ್ಳುವಾಗ ತೀರಾ ಹಳೆಯ ಮಾದರಿಯನ್ನು ಅಗ್ಗವೆಂದು ಆರಿಸಬಾರದು ಎಂಬ ಎಚ್ಚರವನ್ನಂತೂ ಇದು ಕೊಡುತ್ತದೆ. ಹೆಸರಿಲ್ಲದ ಆ್ಯಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಇನ್ನೊಂದು ಕುಂದು: ವೈಡ್‌ವೈನ್ ಎಂಬ ಹಕ್ಕುರಕ್ಷಣೆಯ ಮೇಲ್ಮಟ್ಟದ ಮನ್ನಣೆ ಅವಕ್ಕೆ ಇರುವುದು ಅಪರೂಪ, ಹಾಗಾಗಿ ಹಣ ಕಟ್ಟಿದರೂ ಹಲವು ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ. ಡಬ್ಬಾ ಟಿ.ವಿ.ಯವರಿಗೆ ಆ ನಷ್ಟ ಕಾಣುವುದೇ ಇಲ್ಲ ಎಂಬುದು ಬೇರೆ ಮಾತು.

ಕರೆಂಟಿನ ಲೆಕ್ಕ ಹಳೆಯ ಸೆಟ್ಟಿನ ವಿರುದ್ಧ ಹೋಗುತ್ತದೆ, ಎಷ್ಟು ಎಂದು ನೋಡಬೇಕು. 21 ಇಂಚಿನ ಪಿಕ್ಚರ್ ಟ್ಯೂಬ್ ಸೆಟ್ಟು 80 ವಾಟ್ ಎಳೆಯುತ್ತದೆ, 32 ಇಂಚಿನ ಎಲ್‌ಇಡಿ 40 ವಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆ ನೋಡಿದರೆ ವರ್ಷಕ್ಕೆ ಮೊದಲನೆಯದು ಸುಮಾರು 117 ಯೂನಿಟ್, ಎರಡನೆಯದು 58. ವ್ಯತ್ಯಾಸದ 58 ಯೂನಿಟ್ಟಿಗೆ ತಲಾ 7 ರೂಪಾಯಿ ಹಿಡಿದರೂ ವರ್ಷಕ್ಕೆ 400 ರೂಪಾಯಿ ಚಿಲ್ಲರೆ. ವಡೋದರಾದಲ್ಲಿ ಎಂಜಿವಿಸಿಎಲ್‌ಗೆ, ಅಹಮದಾಬಾದಿನಲ್ಲಿ ಟೊರೆಂಟ್ ಪವರಿಗೆ ಕಟ್ಟುವ ವರ್ಷದ ಬಿಲ್ಲಿನಲ್ಲಿ ಇದು ಕಣ್ಣಿಗೆ ಬೀಳದ ಮೊತ್ತ. ಬೇಸಿಗೆಯ ಒಂದು ವಾರದ ಎ.ಸಿ. ಅದನ್ನು ನುಂಗಿ ನೀರು ಕುಡಿಯುತ್ತದೆ. ಉಳಿತಾಯದ ಹಣದಿಂದಲೇ ಹೊಸ ಟಿ.ವಿ.ಯ ಬೆಲೆ ಹುಟ್ಟಬೇಕಾದರೆ ದಶಕಗಳು ಬೇಕು. ಇಡೀ ದಿನ ಟಿ.ವಿ. ಹಚ್ಚಿಟ್ಟಿರುವ ಅಂಗಡಿ, ಹೋಟೆಲುಗಳ ಲೆಕ್ಕ ಬೇರೆ, ಅಲ್ಲಿ ಬದಲಿಸುವುದೇ ಸರಿ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರಿಮೋಟಿನದು. ಹೊಸ ಟಿ.ವಿ.ಗಳಲ್ಲಿ ಎಚ್‌ಡಿಎಂಐ ವೈರಿನ ಮೂಲಕವೇ ಒಂದು ಸಾಧನ ಇನ್ನೊಂದನ್ನು ಎಬ್ಬಿಸುವ ಸಿಇಸಿ ಎಂಬ ಏರ್ಪಾಟಿದೆ. ಹಳೆಯ ಸೆಟ್ಟುಗಳಲ್ಲಿ ಅದು ಇರುವುದು ಕಡಿಮೆ, ಕನ್ವರ್ಟರ್ ಅಂತೂ ಅದನ್ನು ದಾಟಿಸುವುದಿಲ್ಲ. ಟಿ.ವಿ.ಗೆ ಒಂದು ರಿಮೋಟು, ಸ್ಟಿಕ್ಕಿಗೆ ಇನ್ನೊಂದು, ಕೇಬಲ್ ಉಳಿಸಿಕೊಂಡಿದ್ದರೆ ಮೂರನೆಯದು. ಸೆಟ್ ಟಾಪ್ ಬಾಕ್ಸಿನಿಂದ ಸ್ಟಿಕ್ಕಿಗೆ ಹೋಗಲು ಇನ್‌ಪುಟ್ ಬದಲಿಸಬೇಕು, ಡಬ್ಬಾ ಟಿ.ವಿ.ಯಲ್ಲಿ ಎವಿ ಕಿಂಡಿ ಒಂದೇ ಇದ್ದರೆ ಪಿನ್ನುಗಳನ್ನೇ ಕಿತ್ತು ಹಾಕಬೇಕು. ಎಪ್ಪತ್ತು ದಾಟಿದವರಿಗೆ ಇದು ಸಣ್ಣ ಕಿರುಕುಳವಲ್ಲ. ಪರಿಹಾರ ಇದ್ದದ್ದರಲ್ಲಿ ಸುಲಭದ್ದು: ಎವಿ ಪಿನ್ನುಗಳಿಗೆ ನೂರಿನ್ನೂರು ರೂಪಾಯಿಯ ಸ್ವಿಚ್ ಪೆಟ್ಟಿಗೆ, ಟಿ.ವಿ.ಯ ಧ್ವನಿಯನ್ನೂ ಪವರನ್ನೂ ಇನ್‌ಫ್ರಾರೆಡ್‌ನಿಂದ ನಡೆಸಬಲ್ಲ ಸ್ಟಿಕ್ ರಿಮೋಟು, ಕೇಬಲ್ ಸಂಪರ್ಕವನ್ನೇ ಕಳಚಿ ಎಲ್ಲವನ್ನೂ ಸ್ಟಿಕ್ಕಿನಿಂದಲೇ ನೋಡುವ ತೀರ್ಮಾನ. ಕನ್ನಡದ ಹೆಸರು ಹೇಳಿದರೆ ಹುಡುಕಿಕೊಡುವ ಧ್ವನಿಗುಂಡಿ ಹಿರಿಯರ ಕಷ್ಟವನ್ನು ನೀಗಿಸೀತು ಎಂಬ ನಿರೀಕ್ಷೆ ಇದೆ. ಆದರೆ ಇಂಗ್ಲಿಷ್ ಅಥವಾ ಹಿಂದಿಗೆ ಹೊಂದಿಸಿದ ಸಾಧನ ಕನ್ನಡದ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳುವುದು ಅದೃಷ್ಟದ ಮಾತು, ಮೆಚ್ಚಿನ ಆ್ಯಪನ್ನು ಮೊದಲ ಸಾಲಿಗೆ ತಂದಿಡುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಹಳೆಯ ಟಿ.ವಿ.ಯನ್ನು ಯಾವಾಗ ಬಿಡಬೇಕು? ಪಿಕ್ಚರ್ ಟ್ಯೂಬ್ ಮಂಕಾಗಿ ಮುಖಗಳು ಕಾಣದಾದಾಗ, ಬಣ್ಣ ಒಂದೇ ಕಡೆ ಹರಡಿ ನಿಂತಾಗ, ಒಳಗಿಂದ ಸಿಡಿಯುವ ಸದ್ದೋ ಸುಟ್ಟ ವಾಸನೆಯೋ ಬಂದಾಗ. ಟ್ಯೂಬಿನ ಆ್ಯನೋಡಿನಲ್ಲಿ 20,000 ವೋಲ್ಟಿಗೂ ಹೆಚ್ಚು ಒತ್ತಡವಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಲಹೊತ್ತು ಉಳಿದಿರಬಹುದು. ಹಿಂಬದಿ ಮುಚ್ಚಳ ಬಿಚ್ಚುವುದು ಮೆಕ್ಯಾನಿಕ್ಕಿನ ಕೆಲಸ, ಮನೆಯವರದಲ್ಲ. ಟ್ಯೂಬಿನ ಹಿಂಬದಿಯ ಕೊಳವೆಯಾಕಾರದ ಗಾಜಿನಲ್ಲಿ ಎಕ್ಸ್‌ರೇ ತಡೆಯಲೆಂದು ಸೇರಿಸಿದ ಸೀಸ ಹೆಚ್ಚಿನ ಪ್ರಮಾಣದಲ್ಲಿದೆ. ಇಂಥ ಗಾಜು ಒಂದು ಕಾಲಕ್ಕೆ ವಡೋದರಾಕ್ಕೂ ಸೂರತ್ತಿಗೂ ನಡುವಿನ ಭರೂಚ್ ಬಳಿಯ ವಿಡಿಯೊಕಾನ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಬೆಂಗಳೂರಿನ ಬಿಇಎಲ್ ಕಪ್ಪುಬಿಳುಪು ಟಿ.ವಿ.ಗಳ ಟ್ಯೂಬುಗಳನ್ನು ಮಾಡುತ್ತಿತ್ತು. ಹೊಸ ಟ್ಯೂಬಿಗೆ ಹಳೆಯ ಗಾಜನ್ನೇ ಮತ್ತೆ ಕರಗಿಸುವ ದಾರಿ ಆ ಉದ್ಯಮದೊಂದಿಗೇ ಮುಚ್ಚಿದೆ. ಹೀಗಾಗಿ ಕೆಲಸ ಮಾಡುವ ಡಬ್ಬಾ ಟಿ.ವಿ.ಯನ್ನು ಇನ್ನೂ ಕೆಲವು ವರ್ಷ ಬಳಸುವುದೆಂದರೆ ಸೀಸದ ಗಾಜೊಂದು ಅಷ್ಟು ಕಾಲ ಗುಜರಿಯವನ ಸುತ್ತಿಗೆಯಿಂದ ದೂರ ಉಳಿದಂತೆ. 2012ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು 2016ರಲ್ಲಿ ಪರಿಷ್ಕಾರಗೊಂಡವು; 2023ರ ಏಪ್ರಿಲ್ 1ರಿಂದ ನಡೆಯುತ್ತಿರುವುದು ಇನ್ನೂ ಹೊಸ ನಿಯಮ. ಅದರ ಪ್ರಕಾರ ಇಂಥ ಸೆಟ್ಟು ಸೇರಬೇಕಾದದ್ದು ನೋಂದಾಯಿತ ಮರುಬಳಕೆದಾರರನ್ನು. ಕೊಡುವ ಮೊದಲು ಎವಿ ಕಿಂಡಿಯಿಂದ ಕನ್ವರ್ಟರನ್ನೂ ಸ್ಟಿಕ್ಕನ್ನೂ ಬಿಡಿಸಿಕೊಂಡರೆ, ಸ್ಟಿಕ್ ಅದೇ ಸಂಜೆ ಮುಂದಿನ ಪರದೆಗೆ ಕೂರುತ್ತದೆ. ಅದರೊಳಗಿನ ಆ್ಯಪ್, ಪಾಸ್‌ವರ್ಡ್, ಅರ್ಧಕ್ಕೆ ನಿಂತ ಧಾರಾವಾಹಿಯ ಕಂತು ಎಲ್ಲವೂ ಇದ್ದಲ್ಲೇ ಇರುತ್ತವೆ.